ಎರಡನೆಯ ಹುಟ್ಟಿಗೆ ಸಾಕ್ಷಿ ಯಾರು?

ಹೈದರಾಬಾದಿನಿಂದ ಬೀದರದ ಕಡೆಗೆ ಹೊರಟವರು ಮುಂಬಯಿ ಹೆದ್ದಾರಿ ಹಿಡಿದು ಮಿಯಾಪುರ, ಪಟಾನ್‌ಚೆರು ದಾಟಿ ಜಹೀರಾಬಾದಿನತ್ತ ಸಾಗುತ್ತಾರೆ. 2017ರ ನವೆಂಬರಿನಲ್ಲಿ ನಗರದ ಮೆಟ್ರೊ ರೈಲು ಉದ್ಘಾಟನೆಯಾದದ್ದು ಇದೇ ಮಿಯಾಪುರದ ನಿಲ್ದಾಣದಲ್ಲಿ. ತೆಲುಗು ಕ್ರೈಸ್ತರಿಗೆ ಈ ಭಾಗ ಇನ್ನೊಂದು ಕಾರಣಕ್ಕೂ ಪರಿಚಿತ. 2005ರಲ್ಲಿ ಶುರುವಾದ ಕ್ಯಾಲ್ವರಿ ಟೆಂಪಲ್ ಸಭೆಯ ಭಾರೀ ಪ್ರಾರ್ಥನಾಲಯ ಇಲ್ಲಿಗೆ ಹೊಂದಿಕೊಂಡ ಹಫೀಜ್‌ಪೇಟೆಯಲ್ಲಿದೆ. ಅದನ್ನು 52 ದಿನಗಳಲ್ಲಿ ಕಟ್ಟಿ ಮುಗಿಸಿದೆವು ಎಂದು ಸಭೆಯವರು ಹೇಳಿಕೊಳ್ಳುತ್ತಾರೆ. ನೆಹೆಮೀಯ ಯೆರೂಸಲೇಮಿನ ಗೋಡೆ ಎಬ್ಬಿಸಿದ್ದೂ 52 ದಿನಗಳಲ್ಲೇ ಎಂಬುದು ಬೈಬಲ್ ಓದಿದವರಿಗೆ ತಟ್ಟನೆ ಹೊಳೆಯುತ್ತದೆ.

ಇಂಥ ಸಭೆಗಳಲ್ಲಿ ಹೊಸಬರ ಮುಂದೆ ಬೇಗನೆ ಬಂದು ನಿಲ್ಲುವ ಪ್ರಶ್ನೆ ಒಂದಿದೆ: ರಕ್ಷಣೆ ಹೊಂದಿದ್ದೀರಾ? ಹೊಸದಾಗಿ ಹುಟ್ಟಿದ್ದೀರಾ? ಬೀದರ, ಕಲಬುರಗಿ ಸೀಮೆಯ ಮೆಥಡಿಸ್ಟ್ ಮನೆತನದಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಮಾಡಿಸಿಕೊಂಡು, ದುಡಿಮೆಗೆಂದು ಹೈದರಾಬಾದು ಸೇರಿದವರಿಗೆ ಇದು ಇಕ್ಕಟ್ಟಿನ ಪ್ರಶ್ನೆ. ಹೌದು ಎಂದರೆ ಯಾವಾಗ ಎಂದು ಕೇಳುತ್ತಾರೆ. ಇಲ್ಲ ಎಂದರೆ ಅಜ್ಜ ಮುತ್ತಜ್ಜರ ಸಭೆಯನ್ನೇ ಅಲ್ಲಗಳೆದಂತಾಗುತ್ತದೆ.

ಕ್ರೈಸ್ತ ಧರ್ಮದ ಒಳಗೇ ಈ ಪ್ರಶ್ನೆಗೆ ಒಪ್ಪಿತವಾದ ಉತ್ತರವಿಲ್ಲ. ಹೊಸ ಹುಟ್ಟು ಬೇಕೇ ಬೇಕು ಎನ್ನುವುದರಲ್ಲಿ ಎಲ್ಲ ಪಂಗಡಗಳೂ ಒಂದು. ಅದು ಎಲ್ಲಿ, ಯಾವಾಗ, ಯಾರಿಂದ ಆಗುತ್ತದೆ, ಆಗಿದೆಯೆಂದು ಯಾರು ಹೇಳಬೇಕು ಎಂಬಲ್ಲಿ ಜಗಳ. ನನ್ನ ಮಟ್ಟಿಗೆ ಕೊನೆಯ ಪ್ರಶ್ನೆಯೇ ಉಳಿದವುಗಳ ಬೇರು. ದಖ್ಖನಿನಲ್ಲಿ ಮತ್ತು ಕನ್ನಡ ನಾಡಿನಲ್ಲಿ ಈ ವಿಷಯ ನಡೆದುಬಂದ ದಾರಿ ನೋಡಿದರೆ ಅದು ಇನ್ನಷ್ಟು ನಿಚ್ಚಳವಾಗುತ್ತದೆ.

ನಿಕೊದೇಮನಿಂದ ಅಗಸ್ಟೀನನವರೆಗೆ

ಮೂಲ ಪ್ರಸಂಗ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿದೆ. ಯೆಹೂದ್ಯರ ಮುಖಂಡ ನಿಕೊದೇಮ ರಾತ್ರಿ ಹೊತ್ತು ಯೇಸುವನ್ನು ಕಾಣಲು ಬರುತ್ತಾನೆ. ಮತ್ತೆ ಹುಟ್ಟದೆ ದೇವರ ರಾಜ್ಯ ಕಾಣಲಾಗದು ಎಂಬ ಮಾತು ಕೇಳಿ, ಮುದುಕನಾದವನು ತಾಯಿಯ ಗರ್ಭ ಹೊಕ್ಕು ಬರಲಾದೀತೇ ಎಂದು ತಬ್ಬಿಬ್ಬಾಗುತ್ತಾನೆ. ಉತ್ತರದಲ್ಲಿ ನೀರೂ ಇದೆ, ಆತ್ಮವೂ ಇದೆ, ಎಲ್ಲಿಂದ ಬಂತೆಂದು ತಿಳಿಯದ ಗಾಳಿಯೂ ಇದೆ. ಮುಂದಿನ ಎರಡು ಸಾವಿರ ವರ್ಷಗಳ ತಕರಾರು ಈ ಮೂರರಲ್ಲಿ ಯಾವುದರ ಮೇಲೆ ಎಷ್ಟು ಭಾರ ಹಾಕಬೇಕು ಎಂಬುದರ ಸುತ್ತಲೇ ತಿರುಗಿದೆ.

ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವ ಮಾತು ಅದಕ್ಕೂ ಮೊದಲೇ ಪ್ರವಾದಿ ಯೆಹೆಜ್ಕೇಲನಲ್ಲಿ ಬಂದಿತ್ತು. ಪೌಲನು ದೀಕ್ಷಾಸ್ನಾನವನ್ನು ಹೂಳುವುದಕ್ಕೆ ಹೋಲಿಸಿದ. ಹಳೆಯ ಮನುಷ್ಯ ಸತ್ತು ಹೊಸಬ ಏಳುತ್ತಾನೆ. ಪುನರ್ಜನನವನ್ನು ಒಂದೇ ಪದದಲ್ಲಿ ಹೇಳುವ ಗ್ರೀಕ್ ಮಾತು ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ತೀತನಿಗೆ ಬರೆದ ಪತ್ರಿಕೆಯಲ್ಲಿ ಅದು ಒಬ್ಬೊಬ್ಬನ ತೊಳೆಯುವಿಕೆ. ಮತ್ತಾಯನ ಸುವಾರ್ತೆಯಲ್ಲಿ ಇಡೀ ಲೋಕವೇ ಹೊಸದಾಗುವ ಕಾಲ. ವ್ಯಕ್ತಿಯ ಹುಟ್ಟೋ ಲೋಕದ ಹುಟ್ಟೋ ಎಂಬ ಪ್ರಶ್ನೆ ಹೀಗೆ ಮೂಲದಲ್ಲೇ ಇತ್ತು. ಅದನ್ನು ಗಂಭೀರವಾಗಿ ಕೈಗೆತ್ತಿಕೊಳ್ಳಲು ಬಹುಕಾಲ ಹಿಡಿಯಿತು.

ಎರಡನೆಯ ಶತಮಾನದ ಜಸ್ಟಿನನು ದೀಕ್ಷಾಸ್ನಾನವನ್ನೇ ಹೊಸ ಹುಟ್ಟೆಂದು ಕರೆದ. ಆಗ ಸ್ನಾನಕ್ಕೆ ಬರುತ್ತಿದ್ದವರಲ್ಲಿ ಬಹುಪಾಲು ಬೆಳೆದವರು. ನಂಬಿಕೆ, ನೀರು, ಹೊಸ ಬದುಕು ಒಟ್ಟೊಟ್ಟಿಗೇ ಬರುತ್ತಿದ್ದುದರಿಂದ ಅವನ್ನು ಬಿಡಿಸಿ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಅಗಸ್ಟೀನನ ಬದುಕಿನಲ್ಲಿ ಈ ಗಂಟು ಬಿಚ್ಚಿಕೊಂಡಿತು. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅವನ ಮನಸ್ಸು ತಿರುಗಿತು. 387ರ ಈಸ್ಟರಿನಲ್ಲಿ ಬಿಷಪ್ ಆಂಬ್ರೋಸ್ ಅವನಿಗೆ ದೀಕ್ಷಾಸ್ನಾನ ಕೊಟ್ಟ. ಅವನು ಹುಟ್ಟಿದ್ದು ತೋಟದಲ್ಲೋ ಕೊಳದಲ್ಲೋ? ತೋಟ ಎನ್ನುವವರೂ ಕೊಳ ಎನ್ನುವವರೂ ಇಂದಿಗೂ ಅವನನ್ನು ತಮ್ಮವನೆಂದೇ ಎಳೆದಾಡುತ್ತಾರೆ. ಕೂಸುಗಳೂ ಆದಿಪಾಪ ಹೊತ್ತೇ ಹುಟ್ಟುತ್ತವೆ, ಆದ್ದರಿಂದ ಅವುಗಳಿಗೂ ಸ್ನಾನ ಬೇಕು ಎಂದು ಪೆಲೇಗಿಯನ ವಿರುದ್ಧ ವಾದಿಸಿದವನೂ ಅವನೇ.

ನೀರಿನ ಗುರುತು

ಈ ವಾದದಿಂದ ಬೆಳೆದದ್ದು ಮೊದಲನೆಯ ಪಂಥ. ಪಾದ್ರಿ ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನೀರು ಹಾಕಿದಾಗ ದೇವರೇ ಕೆಲಸ ಮಾಡುತ್ತಾನೆ. ಹುಟ್ಟು ಅಲ್ಲೇ ಆಯಿತು. ಕೆಥೋಲಿಕರು 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಇದನ್ನು ಗಟ್ಟಿ ಮಾಡಿದರು. ಪೂರ್ವದ ಆರ್ಥೊಡಾಕ್ಸ್ ಸಭೆಗಳ ನಿಲುವೂ ಇದೇ. ಪೋಪನೊಡನೆ ಜಗಳವಾಡಿ ಹೊರಬಂದ ಲೂಥರನು ಕೂಡ 1529ರ ತನ್ನ ಕಿರು ಪ್ರಶ್ನೋತ್ತರದಲ್ಲಿ ದೀಕ್ಷಾಸ್ನಾನದ ಶಕ್ತಿಯನ್ನು ಬಿಟ್ಟುಕೊಡಲಿಲ್ಲ. ನೀರಿನ ಜೊತೆ ದೇವರ ವಾಕ್ಯ, ಅದನ್ನು ಹಿಡಿಯುವ ನಂಬಿಕೆ ಇರಬೇಕು ಎಂದಷ್ಟೇ ಸೇರಿಸಿದ.

ಹುಟ್ಟು ನೀರಿನಿಂದ ಆದದ್ದಾದರೆ ಅದು ಅಳಿಸಲಾಗದ ಗುರುತು. ಈ ತತ್ವ ಪರೀಕ್ಷೆಗೆ ಒಳಗಾದ ದೊಡ್ಡ ಸಂದರ್ಭವೊಂದು ಕನ್ನಡ ನೆಲದಲ್ಲೇ ನಡೆಯಿತು. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕೆಥೋಲಿಕರನ್ನು ಸೆರೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಅಲ್ಲಿ ಹಲವರಿಗೆ ಬಲವಂತದಿಂದ ಮತಾಂತರವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಅಲ್ಲಿಗೆ ಹೋದ. ಸಭೆಯ ನಿಯಮದ ಪ್ರಕಾರ ಮರಳಿ ಬಂದವರಿಗೆ ಎರಡನೆಯ ಸ್ನಾನವಿಲ್ಲ. ಹದಿನೈದು ವರ್ಷ ಬೇರೆ ಹೆಸರಿನಲ್ಲಿ ಬದುಕಿದ್ದರೂ ಮೊದಲ ಸ್ನಾನ ನಿಂತೇ ಇರುತ್ತದೆ; ಪಶ್ಚಾತ್ತಾಪ, ಪಾಪನಿವೇದನೆ ಸಾಕು. ಸೆರೆಯಿಂದ ಜೀವ ಹಿಡಿದುಕೊಂಡು ಬಂದವರಿಗೆ ಈ ಸಿದ್ಧಾಂತ ಎಷ್ಟು ದೊಡ್ಡ ಆಸರೆ ಎಂಬುದನ್ನು ಅದನ್ನು ಬರೀ ಶಾಸ್ತ್ರವೆಂದು ಹಳಿಯುವವರು ಗಮನಿಸುವುದಿಲ್ಲ.

ಅದೇ ದ್ಯುಬ್ವಾ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಈ ಪಂಥದ ಬಿಕ್ಕಟ್ಟನ್ನೂ ತೋಡಿಕೊಂಡ. ಇಪ್ಪತ್ತೈದು ವರ್ಷ ಮೈಸೂರು ಸೀಮೆಯಲ್ಲಿ ದುಡಿದರೂ ಕ್ರೈಸ್ತರಾದವರು ಇನ್ನೂರು ಮುನ್ನೂರು ಜನ, ಅವರಲ್ಲೂ ಬಹುಪಾಲು ಅಸ್ಪೃಶ್ಯರು ಮತ್ತು ಜಾತಿಯಿಂದ ಹೊರಬಿದ್ದವರು, ಹಿಂದೂಗಳ ಮನಃಪೂರ್ವಕ ಪರಿವರ್ತನೆ ಆಗದ ಮಾತು ಎಂಬುದು ಅವನ ತೀರ್ಪು. ಅಸ್ಪೃಶ್ಯ ಬಂದರೆ ಅದು ಎಣಿಕೆಗೆ ಬಾರದ ಬರವು ಎಂಬ ಧಾಟಿಯನ್ನು ಇಲ್ಲೇ ಗುರುತಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಎದುರಾಗುತ್ತದೆ.

ಇಂಗ್ಲೆಂಡಿನಲ್ಲಿ ಇದೇ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಕೂಸಿನ ದೀಕ್ಷಾಸ್ನಾನ ತಾನೇ ತಾನಾಗಿ ಹೊಸ ಹುಟ್ಟು ತರುತ್ತದೆ ಎಂಬುದನ್ನು ಒಪ್ಪದ ಜಾರ್ಜ್ ಗೋರಮ್ ಎಂಬ ಪಾದ್ರಿಯನ್ನು 1847ರಲ್ಲಿ ಎಕ್ಸೆಟರಿನ ಬಿಷಪ್ ತಡೆದ. 1850ರಲ್ಲಿ ಪ್ರಿವಿ ಕೌನ್ಸಿಲ್ ಗೋರಮ್‌ನ ಪರ ತೀರ್ಪಿತ್ತಿತು. ದೇವರ ಕೆಲಸದ ಬಗ್ಗೆ ಸರ್ಕಾರದ ಸಮಿತಿ ತೀರ್ಪು ಕೊಡುವುದೇ ಎಂದು ಸಿಟ್ಟಾದವರಲ್ಲಿ ಒಬ್ಬನಾದ ಹೆನ್ರಿ ಮ್ಯಾನಿಂಗ್ ಮರುವರ್ಷ ಕೆಥೋಲಿಕನಾದ.

ಎದೆಯೊಳಗಿನ ತಾರೀಕು

ಎರಡನೆಯ ಪಂಥ ಹುಟ್ಟಿದ್ದು ನೀರಿನ ಮೇಲಿನ ಅಸಮಾಧಾನದಿಂದ. 1525ರ ಜನವರಿಯಲ್ಲಿ ಜ್ಯೂರಿಕ್ ನಗರದಲ್ಲಿ ಕೆಲವರು, ಕೂಸಾಗಿದ್ದಾಗ ಆದ ಸ್ನಾನ ಲೆಕ್ಕಕ್ಕಿಲ್ಲವೆಂದು, ಬುದ್ಧಿ ಬಂದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಎರಡು ವರ್ಷದ ಬಳಿಕ ನಗರಸಭೆ ನದಿಯಲ್ಲಿ ಮುಳುಗಿಸಿಯೇ ಕೊಂದಿತು. ಇಂದು ಮಿಯಾಪುರದಂಥ ಕಡೆ ದೊಡ್ಡವರನ್ನು ತೊಟ್ಟಿಯಲ್ಲಿ ಮುಳುಗಿಸಿ ಎತ್ತುವ ಸಭೆಗಳು ಆಚರಣೆಯಲ್ಲಿ ಇವರ ವಾರಸುದಾರರು.

ಕನ್ನಡಕ್ಕೆ ಹೆಚ್ಚು ಹತ್ತಿರವಾದದ್ದು ಜರ್ಮನಿಯ ಪಯಟಿಸ್ಟರ ಕವಲು. ಸ್ಪೇನರನು 1675ರಲ್ಲಿ ಬರೆದ ಪುಟ್ಟ ಪುಸ್ತಕ, 1687ರಲ್ಲಿ ಫ್ರಾಂಕೆಗೆ ಆದ ಒಳಗಿನ ತಳಮಳ ಮತ್ತು ಬಿಡುಗಡೆ, ಇವು ಹೊಸ ಹುಟ್ಟಿಗೆ ಒಂದು ನಕ್ಷೆ ಹಾಕಿಕೊಟ್ಟವು: ಮೊದಲು ಪಾಪದ ಅರಿವು, ಆಮೇಲೆ ಹತಾಶೆ, ಬಳಿಕ ಕೃಪೆಯ ಬೆಳಕು, ಕೊನೆಗೆ ಬದಲಾದ ನಡೆ. ಇದೇ ಗಾಳಿ ಕುಡಿದು ಬೆಳೆದದ್ದು 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೇನರ್, ಗ್ರೈನರ್ ಈ ನಕ್ಷೆಯನ್ನು ಕೈಯಲ್ಲಿ ಹಿಡಿದೇ ಬಂದರು. ದೀಕ್ಷಾಸ್ನಾನ ಕೇಳಿದವರಿಗೆಲ್ಲ ಅವರು ತಕ್ಷಣ ಕೊಡುತ್ತಿರಲಿಲ್ಲ. ಕಾಯಿಸಿ, ಕಲಿಸಿ, ನಡತೆ ನೋಡಿ, ಎದೆಯಲ್ಲಿ ಏನಾಗಿದೆ ಎಂದು ವಿಚಾರಿಸುತ್ತಿದ್ದರು.

1844ರ ಜನವರಿ 6ರಂದು ಮಂಗಳೂರಿನಲ್ಲಿ ಹತ್ತೊಂಬತ್ತರ ಆಸುಪಾಸಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು, ಗುರು ಹೆರ್ಮನ್ ಮೊಗ್ಲಿಂಗನ ಹೆಸರನ್ನೇ ಮುಂದೆ ಇಟ್ಟುಕೊಂಡ. ಊರಿನಲ್ಲಿ ಗದ್ದಲವೆದ್ದಿತು. ಅವನು ಬಾಸೆಲಿಗೆ ಹೋಗಿ ಓದಿ, ಪಾದ್ರಿ ದೀಕ್ಷೆ ಪಡೆದು ಮರಳಿದ. ಜಾತಿಯ ಮಟ್ಟಿಗೆ ಅವನು ಸತ್ತಂತೆ, ಸಭೆಯ ಮಟ್ಟಿಗೆ ಹುಟ್ಟಿದಂತೆ. ಬಾಸೆಲ್ ಮಿಶನಿನವರಿಗೆ ಬೇಗನೆ ಅರ್ಥವಾದ ಸತ್ಯವೆಂದರೆ ಹೊಸದಾಗಿ ಹುಟ್ಟಿದವರಿಗೆ ಹೊಸ ಅನ್ನವೂ ಬೇಕು. ಮತ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿ ತಪ್ಪಬಾರದೆಂದು 1850ರ ಕಾಯ್ದೆ ಹೇಳಿದರೂ ಕುಲಕಸುಬು, ನೆಂಟಸ್ತಿಕೆ, ಬಾವಿಯ ನೀರು ಕಾಯ್ದೆಯಿಂದ ಬರುವಂಥವಲ್ಲ. 1851ರಲ್ಲಿ ಬಂದ ಹಾಲರನ ನೇಯ್ಗೆ ಶಾಲೆ, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆ ಇವುಗಳ ಹಿಂದೆ ಈ ಲೆಕ್ಕವಿತ್ತು. ಮಂಗಳೂರು ಹೆಂಚನ್ನು ಕನ್ನಡಿಗರು ದೇವತಾಶಾಸ್ತ್ರದ ಜೊತೆ ಜೋಡಿಸಿ ನೋಡುವುದು ಕಡಿಮೆ; ನೋಡಬೇಕು.

ಇಂಗ್ಲಿಷರಲ್ಲಿ ಇದೇ ಒತ್ತು ಜಾನ್ ವೆಸ್ಲಿಯದು. ಆಗಲೇ ಪಾದ್ರಿಯಾಗಿದ್ದ, ಜಾರ್ಜಿಯಾದಲ್ಲಿ ಸುವಾರ್ತೆ ಸಾರಿ ಬಂದಿದ್ದ ಅವನಿಗೆ 1738ರ ಮೇ 24ರಂದು ಲಂಡನ್ನಿನ ಕೂಟವೊಂದರಲ್ಲಿ ಎದೆ ಬೆಚ್ಚಗಾಯಿತು. ಕೂಸಿನ ಸ್ನಾನವನ್ನು ಅವನು ಬಿಡಲಿಲ್ಲ. ಬೆಳೆದಂತೆ ಜನ ಆ ಕೃಪೆಯನ್ನು ಪಾಪ ಮಾಡಿ ಕಳೆದುಕೊಳ್ಳುತ್ತಾರೆ, ಆದ್ದರಿಂದ ಮತ್ತೆ ಹುಟ್ಟಬೇಕು ಎಂದ. ಮೈಸೂರು ಸೀಮೆಯ ವೆಸ್ಲಿಯನ್ನರೂ ಬೀದರ, ಕಲಬುರಗಿಯ ಅಮೆರಿಕನ್ ಮೆಥಡಿಸ್ಟರೂ ಈ ಎರಡು ದೋಣಿಯ ನಿಲುವನ್ನೇ ತಂದರು. ಕೂಸಿದ್ದಾಗ ಸ್ನಾನವಾದವರನ್ನು ಮಿಯಾಪುರದ ಪ್ರಶ್ನೆ ಇಕ್ಕಟ್ಟಿಗೆ ಸಿಕ್ಕಿಸುವುದು ಇದರಿಂದಲೇ. ಅವರ ಮೂಲಪುರುಷ ಎರಡನ್ನೂ ಹೌದೆಂದಿದ್ದಾನೆ.

ಗಂಗಾಮೂಲದ ಮಗಳು

ಇಡೀ ಚರ್ಚೆಯನ್ನು ಒಬ್ಬರ ಬದುಕಿನಲ್ಲಿ ನೋಡಬೇಕೆಂದರೆ ಪಂಡಿತಾ ರಮಾಬಾಯಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1858ರ ಏಪ್ರಿಲಿನಲ್ಲಿ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಮಗಳಿಗೆ ಸಂಸ್ಕೃತ ಕಲಿಸಿದ್ದೇ ಆ ಕಾಲಕ್ಕೆ ದೊಡ್ಡ ಅಪರಾಧ. ಕ್ಷಾಮದಲ್ಲಿ ತಂದೆತಾಯಿ ತೀರಿಕೊಂಡರು. 1878ರಲ್ಲಿ ಕಲ್ಕತ್ತೆಯ ಪಂಡಿತರು ಅವರಿಗೆ ಪಂಡಿತಾ, ಸರಸ್ವತೀ ಬಿರುದುಗಳನ್ನು ಕೊಟ್ಟರು. ಗಂಡ ತೀರಿಕೊಂಡ ಬಳಿಕ ಪುಟ್ಟ ಮಗಳು ಮನೋರಮೆಯೊಡನೆ ಇಂಗ್ಲೆಂಡಿಗೆ ಹೋದರು. ಅಲ್ಲಿ 1883ರ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬಲ್ಲಿ ತಾಯಿ ಮಗಳು ದೀಕ್ಷಾಸ್ನಾನ ಪಡೆದರು.

ಮೊದಲ ಪಂಥದ ಲೆಕ್ಕದಲ್ಲಿ ಕಥೆ ಇಲ್ಲಿಗೆ ಮುಗಿಯಿತು. ರಮಾಬಾಯಿಯ ಲೆಕ್ಕದಲ್ಲಿ ಮುಗಿಯಲಿಲ್ಲ. ತಮಗೆ ಆಶ್ರಯ ಕೊಟ್ಟ ಆಂಗ್ಲಿಕನ್ ಸನ್ಯಾಸಿನಿಯರೊಡನೆ ಅವರು ಪತ್ರಗಳಲ್ಲಿ ಖಾರವಾಗಿ ವಾದಿಸಿದರು. ತ್ರಿತ್ವ ಹೇಗೆ, ಸಭೆಯ ಅಧಿಕಾರವನ್ನು ಏಕೆ ಒಪ್ಪಬೇಕು ಎಂದು ಕೇಳಿದರು. ಪುರೋಹಿತರ ಒಂದು ಗುಂಪಿನಿಂದ ಬಿಡಿಸಿಕೊಂಡು ಬಂದದ್ದು ಇನ್ನೊಂದಕ್ಕೆ ತಲೆಬಾಗಲು ಅಲ್ಲ ಎಂಬುದು ಅವರ ನಿಲುವು. 1907ರಲ್ಲಿ ಬರೆದ ತಮ್ಮ ಸಾಕ್ಷ್ಯದಲ್ಲಿ, ದೀಕ್ಷಾಸ್ನಾನದ ಹೊತ್ತಿಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರ್ಥದಲ್ಲಿ ಹೇಳಿಕೊಂಡರು. ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಅವರ ಕಣ್ಣು ತೆರೆಸಿದ ಓದು. ಆ ಪಾದ್ರಿಯ ಕಥೆಯೂ ಸ್ವಾರಸ್ಯದ್ದೇ: ತನ್ನದೇ ಪ್ರಸಂಗ ಮಾಡುತ್ತಿದ್ದಾಗ ಪೀಠದ ಮೇಲೆಯೇ ಅವನ ಮನಸ್ಸು ತಿರುಗಿತಂತೆ. ರಮಾಬಾಯಿ ತಮ್ಮ ನಿಜವಾದ ಹೊಸ ಹುಟ್ಟನ್ನು ಇಟ್ಟದ್ದು 1891ರ ಸುಮಾರಿಗೆ, ನೀರು ಬಿದ್ದು ಎಂಟು ವರ್ಷದ ಬಳಿಕ.

ಇದಕ್ಕೆ ಪಕ್ಕಾ ತಿರುವುಮುರುವಾದ ಬದುಕು ಹೈದರಾಬಾದಿನದು. ಪಂಜಾಬಿನ ಸಿಖ್ ಮನೆತನದ ಭಕ್ತ್ ಸಿಂಗ್ 1929ರಲ್ಲಿ ಕೆನಡಾದಲ್ಲಿ ಓದುತ್ತಿದ್ದಾಗ ಬೈಬಲ್ ಹಿಡಿದು ಮಂಡಿಯೂರಿದರು; ನೀರಿಗಿಳಿದದ್ದು 1932ರಲ್ಲಿ. ಮೊದಲು ಎದೆ, ಆಮೇಲೆ ನೀರು. ಅವರು 1950ರಲ್ಲಿ ಹೈದರಾಬಾದಿನ ಗೋಲ್ಕೊಂಡ ಚೌರಸ್ತೆಯ ಬಳಿ ಹೆಬ್ರೋನ್ ಎಂಬ ನೆಲೆ ಕಟ್ಟಿದರು, 2000ದ ಸೆಪ್ಟೆಂಬರಿನಲ್ಲಿ ಅದೇ ನಗರದಲ್ಲಿ ತೀರಿಕೊಂಡರು. ವಿದೇಶಿ ಮಿಶನಿನ ಹಂಗಿಲ್ಲದ, ಸ್ವಂತ ಸಾಕ್ಷಿ ಹೇಳಿದವರಿಗಷ್ಟೇ ಸ್ನಾನ ಕೊಡುವ ಸಭೆಗಳು ಅವರಿಂದ ದಕ್ಷಿಣದ ತುಂಬ ಹರಡಿದವು. ತೆಲಂಗಾಣದ ಸ್ವತಂತ್ರ ಸಭೆಗಳ ಇಂದಿನ ಹುರುಪನ್ನು ಅಮೆರಿಕದಿಂದ ಬಂದ ಸರಕೆಂದು ತಳ್ಳಿಹಾಕುವವರು ಹೆಬ್ರೋನಿನ ಈ ಇತಿಹಾಸ ಓದಿದವರಲ್ಲ.

ದೇವರು ಮೊದಲೋ, ಮನುಷ್ಯ ಮೊದಲೋ

ಇನ್ನೊಂದು ವಾದ ಪಂಡಿತರ ನಡುವಿನದು, ಚುಟುಕಾಗಿ ಹೇಳಿದರೆ ಸಾಕು. ಮನುಷ್ಯ ನಂಬಿದ್ದರಿಂದ ಹೊಸ ಹುಟ್ಟು ಸಿಗುತ್ತದೋ, ಹುಟ್ಟಿಸಿಕೊಂಡದ್ದರಿಂದ ನಂಬಲು ಬರುತ್ತದೋ? ಯಾವ ಕೂಸೂ ತನ್ನ ಹುಟ್ಟಿಗೆ ಒಪ್ಪಿಗೆ ಕೊಟ್ಟದ್ದಿಲ್ಲ, ಆದ್ದರಿಂದ ಎಲ್ಲವೂ ದೇವರದೇ ಕೆಲಸ ಎಂದಿತು 1618–19ರ ಡಾರ್ಟ್ ಸಭೆಯ ಕ್ಯಾಲ್ವಿನ್ ಪಂಥ. ಆರ್ಮಿನಿಯಸ್ಸನ ಕಡೆಯವರು, ವೆಸ್ಲಿ ಸೇರಿ, ಒಲ್ಲೆನೆನ್ನುವ ಸ್ವಾತಂತ್ರ್ಯ ಮನುಷ್ಯನಿಗಿದೆ ಎಂದರು. ಮಾರ್ಜಾಲ ನ್ಯಾಯ, ಮರ್ಕಟ ನ್ಯಾಯ ಎಂದು ಶ್ರೀವೈಷ್ಣವರಲ್ಲಿ ತೆಂಗಲೆ ವಡಗಲೆಗಳು ಜಗಳವಾಡಿದ್ದನ್ನು ಮೇಲುಕೋಟೆಯ ಬದಿಯವರು ಬಲ್ಲರು. ಇದು ಅದೇ ಜಾತಿಯ ಜಗಳ. ಬೇಸಾಯಗಾರರ ಸಭೆಗಳಲ್ಲಿ ಇದರಿಂದ ಯಾರೂ ನಿದ್ದೆಗೆಟ್ಟಂತೆ ಕಾಣುವುದಿಲ್ಲ.

ಬೆಂಕಿ

1905ರ ಜೂನಿನಲ್ಲಿ ಪುಣೆಯ ಬಳಿಯ ಕೇಡಗಾಂವಿನ ರಮಾಬಾಯಿಯ ಮುಕ್ತಿ ಸದನದಲ್ಲಿ ಹುಡುಗಿಯರು ಅತ್ತು, ಕೂಗಿ, ಗಂಟೆಗಟ್ಟಲೆ ಪ್ರಾರ್ಥಿಸತೊಡಗಿದರು; ಮೈಮೇಲೆ ಬೆಂಕಿ ಇಳಿದಂತಾಯಿತು ಎಂದರು. ಪೆಂಟೆಕೋಸ್ಟ್ ಚಳವಳಿಯ ತವರೆಂದು ಪುಸ್ತಕಗಳು ಹೇಳುವ ಲಾಸ್ ಏಂಜಲಿಸಿನ ಅಜೂಸಾ ಬೀದಿಯ ಕೂಟ ಶುರುವಾದದ್ದು 1906ರ ಏಪ್ರಿಲಿನಲ್ಲಿ. ಮುಕ್ತಿಯದು ಅದಕ್ಕೂ ಹಿಂದಿನದು. ಅಲ್ಲಿದ್ದ ಮಿನ್ನಿ ಏಬ್ರಾಮ್ಸ್ 1906ರಲ್ಲಿ ಬರೆದ ಪುಸ್ತಿಕೆ ಚಿಲಿ ದೇಶ ಮುಟ್ಟಿ ಅಲ್ಲಿ ಇಂಥದೇ ಚಳವಳಿಗೆ ಕಿಡಿಯಾಯಿತು. ಹಾಗಾಗಿ ಪೆಂಟೆಕೋಸ್ಟ್ ಪಂಥಕ್ಕೆ ಒಂದೇ ತವರಿಲ್ಲ ಎನ್ನುವ ಇತಿಹಾಸಕಾರರ ವಾದಕ್ಕೆ ಬಲವಿದೆ.

ಈ ಪಂಥ ಹೊಸ ಹುಟ್ಟಿನ ಮೇಲೆ ಇನ್ನೊಂದು ಮೆಟ್ಟಿಲು ಕಟ್ಟಿತು: ಪವಿತ್ರಾತ್ಮದ ದೀಕ್ಷಾಸ್ನಾನ. ಅದಕ್ಕೆ ಗುರುತು ಅನ್ಯಭಾಷೆಯಲ್ಲಿ ಮಾತಾಡುವುದು ಎಂದವರು ಹಲವರು. ಮುಕ್ತಿಯಲ್ಲೂ ಅನ್ಯಭಾಷೆ ಕೇಳಿಸಿತು, ಆದರೆ ಅದೊಂದೇ ಗುರುತು ಎಂಬುದನ್ನು ರಮಾಬಾಯಿ ಒಪ್ಪಲಿಲ್ಲ. ಮುಂದೆ ಮಗಳು ಮನೋರಮಾಬಾಯಿ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ಶಾಂತಿ ಸದನ ಶಾಲೆ ತೆರೆದರು. ತಾಯಿ ಹುಟ್ಟಿದ ನಾಡಿಗೆ ಆ ಬದುಕಿನ ಫಲ ಸ್ವಲ್ಪವಾದರೂ ಹೀಗೆ ಬಂದು ಮುಟ್ಟಿತು.

ಕೇರಿಗೆ ಕೇರಿಯೇ ಬಂದಾಗ

ಮೇಲಿನ ಪಂಥಗಳೆಲ್ಲ ಒಬ್ಬೊಬ್ಬ ವ್ಯಕ್ತಿಯನ್ನು ಮುಂದಿಟ್ಟುಕೊಂಡೇ ಯೋಚಿಸಿದವು. ದಖ್ಖನಿನಲ್ಲಿ ಆದದ್ದೇ ಬೇರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ತೆಲುಗು ನಾಡಿನ ಮಾಲ, ಮಾದಿಗ ಕೇರಿಗಳು, ಬೀದರದಂಥ ಕಡೆ ಕನ್ನಡ ಮಾದಿಗ, ಹೊಲೆಯ ಕುಟುಂಬಗಳು ಗುಂಪು ಗುಂಪಾಗಿ ಸಭೆ ಸೇರಿದವು. ಹಿರಿಯರು ಕೂತು ನಿರ್ಧರಿಸಿದರು, ಕೇರಿ ಅವರ ಹಿಂದೆ ನಡೆಯಿತು. 1924ರಲ್ಲಿ ಪ್ರತಿಷ್ಠೆಯಾದ ಮೇದಕ್ ಕೆಥೆಡ್ರಲ್ ವೆಸ್ಲಿಯನ್ ಮಿಶನರಿ ಚಾರ್ಲ್ಸ್ ಪಾಸ್ನೆಟ್ ಕ್ಷಾಮದ ಕಾಲದಲ್ಲಿ ಕೂಲಿಗೆ ಅನ್ನ ಕೊಟ್ಟು ಕಟ್ಟಿಸಿದ್ದು.

ಪಯಟಿಸ್ಟ್ ನಕ್ಷೆ ಹಿಡಿದವರಿಗೆ ಇದು ತಲೆನೋವು. ಕೇರಿಗೆ ಪಾಪದ ಅರಿವು ಎಲ್ಲಿಂದ? ತಾರೀಕು ಯಾವುದು? ಅನ್ನಕ್ಕಾಗಿ ಬಂದವರು ಎಂಬ ಹೀಯಾಳಿಕೆ ಹಿಂದೂ ಸುಧಾರಕರಿಂದಲೂ ಬಂತು, ಮಿಶನರಿಗಳಿಂದಲೂ ಬಂತು. 1936ರ ಹೊತ್ತಿಗೆ ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ, ಹರಿಜನರಿಗೆ ಮತಗಳ ತಾರತಮ್ಯ ತಿಳಿಯುವ ಶಕ್ತಿ ಇಲ್ಲವೆಂಬ ಧಾಟಿಯಲ್ಲಿ ಬರೆದರು. ದೋರ್ನಕಲ್ಲಿನ ವಿ.ಎಸ್. ಅಜರಯ್ಯ, 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು, ತಮ್ಮ ಜನಕ್ಕೆ ಆತ್ಮದ ಹಸಿವೂ ವಿವೇಕವೂ ಇದೆ ಎಂದು ಗಟ್ಟಿಯಾಗಿ ನಿಂತರು. ಈ ವಿಷಯದಲ್ಲಿ ನಾನು ಅಜರಯ್ಯನವರ ಕಡೆ. ಬ್ರಾಹ್ಮಣ ತರುಣನೊಬ್ಬ ತೊಳಲಾಡಿ ಬಂದರೆ ಹೊಸ ಹುಟ್ಟು, ಮಾದಿಗ ಹಿರಿಯ ಕೇರಿಯನ್ನು ಕರೆದುಕೊಂಡು ಬಂದರೆ ಹೊಟ್ಟೆಪಾಡು ಎನ್ನುವ ಅಳತೆಗೋಲಿನಲ್ಲೇ ಕೆಡುಕಿದೆ. ದ್ಯುಬ್ವಾನ ಧಾಟಿ ಇದೇ ಅಲ್ಲವೇ?

ಅಂದಾಜಿನ ಬದಲು ಕೇಳಿ ನೋಡಿದವರು ಮೆಥಡಿಸ್ಟ್ ಪಾದ್ರಿ ಜೆ. ವಾಸ್ಕಮ್ ಪಿಕೆಟ್. ದೇಶದ ಹಲವೆಡೆ ಅಧ್ಯಯನ ಮಾಡಿ 1933ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಮುಖ್ಯ ಕಾಣ್ಕೆ ಇದು: ಜನ ಯಾವ ಉದ್ದೇಶದಿಂದ ಬಂದರು ಎಂಬುದಕ್ಕಿಂತ, ಬಂದ ಮೇಲೆ ಅವರಿಗೆ ಸಿಕ್ಕ ಕಲಿಕೆ, ಆರಾಧನೆ, ಪಾಲನೆ ಎಂಥದು ಎಂಬುದರ ಮೇಲೆ ಅವರ ಕ್ರೈಸ್ತ ಬಾಳು ನಿಂತಿದೆ. ಇದನ್ನೇ ಮುಂದುವರಿಸಿ ಡೊನಾಲ್ಡ್ ಮ್ಯಾಕ್‌ಗಾವ್ರನ್ 1955ರಲ್ಲಿ, ಸಮುದಾಯವಾಗಿ ತಿರುಗುವುದು ಒಂದು ಹಂತ, ಒಬ್ಬೊಬ್ಬರೂ ಬೆಳೆಯುವುದು ಮುಂದಿನ ಹಂತ ಎಂದರು. ಜಾತಿಯ ಗೋಡೆಗಳನ್ನು ಸಭೆಯೊಳಗೂ ಉಳಿಸಿಕೊಳ್ಳಲು ಇದು ನೆಪವಾಗುತ್ತದೆ ಎಂಬ ಆಕ್ಷೇಪ ಬಂತು, ಅದರಲ್ಲಿ ಹುರುಳಿದೆ.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವತಾಶಾಸ್ತ್ರಕ್ಕೆ ಚಾಲನೆ ಸಿಕ್ಕಿತು. ಮೊದಲ ಹುಟ್ಟೇ ಮೈಲಿಗೆ ಎಂದು ಹೇಳಿಸಿಕೊಂಡವರಿಗೆ ಎರಡನೆಯ ಹುಟ್ಟು ಎಂದರೆ ಪಾಪದ ಕ್ಷಮೆಗಿಂತ ಮೊದಲು ಮನುಷ್ಯನೆನಿಸಿಕೊಳ್ಳುವುದು. ಈ ಪಂಥ ವಿವರಿಸುವಷ್ಟನ್ನು ದಖ್ಖನಿನ ಮಟ್ಟಿಗೆ ಬೇರೆ ಯಾವುದೂ ವಿವರಿಸುವುದಿಲ್ಲ.

ನೆಲದ ನೆನಪು

ಮಿಶನರಿಗಳು ಬರುವ ಮೊದಲೇ ಕನ್ನಡಿಗರಿಗೆ ಎರಡನೆಯ ಹುಟ್ಟಿನ ಕಲ್ಪನೆ ಗೊತ್ತಿತ್ತು. ಉಪನಯನದ ದ್ವಿಜತ್ವ ಮೂರು ವರ್ಣದ ಗಂಡಸರಿಗೆ ಮಾತ್ರ. ಶರಣರ ದೀಕ್ಷೆ ಅದನ್ನು ಮುರಿಯಿತು. ಭವಿ ಭಕ್ತನಾದ ಮೇಲೆ ಅವನು ಗುರುಕರಜಾತ, ಹಿಂದಿನ ಕುಲ ಕೇಳಬಾರದು. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಕಥೆ ಹೇಳುವುದು ಈ ಎರಡನೆಯ ಹುಟ್ಟನ್ನು ನಿಜವೆಂದು ನಂಬಿ ನಡೆದರೆ ಊರು ಏನು ಮಾಡುತ್ತದೆ ಎಂಬುದನ್ನೇ. ಆ ಕಥೆ ನಡೆದ ಕಲ್ಯಾಣ ಇಂದಿನ ಬೀದರ ಜಿಲ್ಲೆಯಲ್ಲಿದೆ, ಮಿಯಾಪುರದಿಂದ ಹೊರಟ ಹೆದ್ದಾರಿಯಿಂದ ಬಹಳ ದೂರವೇನಲ್ಲ.

ಭಾರತೀಯ ಕ್ರೈಸ್ತ ಚಿಂತಕರು ಇಂಥ ನೆನಪುಗಳ ನಡುವೆ ನಿಂತು ಯೋಚಿಸಿದರು. ಮದ್ರಾಸಿನ ಪಿ. ಚೆಂಚಯ್ಯ ಮತ್ತು ಗೆಳೆಯರು 1938ರಲ್ಲಿ ತಂದ ಗ್ರಂಥದಲ್ಲಿ ಕ್ರಿಸ್ತನೇ ಹೊಸ ಸೃಷ್ಟಿ, ಮನುಷ್ಯಕುಲದ ಮುಂದಿನ ಹೆಜ್ಜೆ ಎಂಬ ಮಾತು ಬಂತು. ಕೃಷ್ಣಾ ಜಿಲ್ಲೆಯ ಕಲಗರ ಸುಬ್ಬಾರಾವ್ 1942ರ ದರ್ಶನದ ನಂತರ ಕ್ರಿಸ್ತಭಕ್ತರಾದರು, ದೀಕ್ಷಾಸ್ನಾನವನ್ನು ಮಾತ್ರ ಖಡಾಖಂಡಿತ ನಿರಾಕರಿಸಿದರು. ಹೆಸರು, ಜಾತಿ, ಸಭೆ ಬದಲಿಸುವುದು ಹೊಸ ಹುಟ್ಟಲ್ಲ ಎಂಬುದು ಅವರ ಹಟ. ನೀರಿಲ್ಲದ ಹುಟ್ಟು ಸಲ್ಲುತ್ತದೆಯೇ ಎಂದು 1970ರ ದಶಕದ ಆರಂಭದಲ್ಲಿ ಎಂ.ಎಂ. ಥಾಮಸ್ ಮತ್ತು ಬಿಷಪ್ ಲೆಸ್ಲಿ ನ್ಯೂಬಿಗಿನ್ ನಡುವೆ ಗಂಭೀರ ಚರ್ಚೆಯೇ ನಡೆಯಿತು. ಇಬ್ಬರೂ ಜಾಗ ಬಿಟ್ಟುಕೊಡಲಿಲ್ಲ.

ಹೊರಗಿನಿಂದ ನೋಡಿದವರೂ ಇದ್ದಾರೆ. 1899ರಲ್ಲಿ ಸ್ಟಾರ್‌ಬಕ್ ಇಂಥ ಅನುಭವ ಹರೆಯದಲ್ಲೇ ಹೆಚ್ಚೆಂದು ತೋರಿಸಿದ. 1902ರಲ್ಲಿ ವಿಲಿಯಂ ಜೇಮ್ಸ್ ಒಮ್ಮೆ ಹುಟ್ಟಿದವರು, ಎರಡು ಸಲ ಹುಟ್ಟಿದವರು ಎಂದು ಮನೋಧರ್ಮಗಳನ್ನೇ ವಿಂಗಡಿಸಿದ. ಕೆಲವರಿಗೆ ಮುರಿದು ಕಟ್ಟಿಕೊಳ್ಳದೆ ಗತಿಯಿಲ್ಲ, ಕೆಲವರು ಬಿರುಗಾಳಿಯಿಲ್ಲದೆ ಬೆಳೆಯುತ್ತಾರೆ. ತಾರೀಕು ಹೇಳಲಾರದ ಬೀದರದ ಮೆಥಡಿಸ್ಟರಿಗೆ ಇದರಲ್ಲಿ ಸಮಾಧಾನವಿದೆ.

ಇತ್ಯರ್ಥವಾಗದ್ದು

ಐಕ್ಯದ ಯತ್ನಗಳು ಆಚರಣೆಯ ಮಟ್ಟಿಗೆ ರಾಜಿ ತಂದಿವೆ. 1947ರ ದಕ್ಷಿಣ ಭಾರತ ಸಭೆ ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರರನ್ನು ಒಂದುಗೂಡಿಸಿತು. 1970ರ ಉತ್ತರ ಭಾರತ ಸಭೆ ಬ್ಯಾಪ್ಟಿಸ್ಟರನ್ನೂ ಸೇರಿಸಿಕೊಂಡು ಕೂಸಿನ ಸ್ನಾನ, ನಂಬಿದವರ ಸ್ನಾನ ಎರಡಕ್ಕೂ ಜಾಗ ಕೊಟ್ಟಿತು. 1982ರಲ್ಲಿ ಪೆರು ದೇಶದ ಲೀಮಾದಲ್ಲಿ ಜಾಗತಿಕ ಸಭೆಗಳ ಒಕ್ಕೂಟದ ಆಯೋಗ ಒಪ್ಪಿದ ದಾಖಲೆ, ಯಾರಿಗೂ ಎರಡು ಸಲ ಸ್ನಾನ ಕೊಡಬೇಡಿ ಎಂದಿತು. ಸ್ವತಂತ್ರ ಸಭೆಗಳು ಇದಕ್ಕೆ ಕಿವಿಗೊಟ್ಟಿಲ್ಲ. ಒಂದು ಸಭೆಯಲ್ಲಿ ಕೂಸಿದ್ದಾಗ ಸ್ನಾನವಾದವರನ್ನು ಇನ್ನೊಂದರಲ್ಲಿ ಮತ್ತೆ ಮುಳುಗಿಸುವುದು ನಡೆದೇ ಇದೆ. ಸಿದ್ಧಾಂತದ ಗಂಟು ಹಾಗೇ ಉಳಿದಿದೆ.

ಸಾಕ್ಷಿ ಯಾರು ಎಂಬ ಗಂಟು ಇನ್ನೂ ಬಿಗಿಯಾಗಿದೆ, ಏಕೆಂದರೆ ಅದರಲ್ಲಿ ಈಗ ಸರ್ಕಾರವೂ ಕೈ ಹಾಕಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದವನು ಪರಿಶಿಷ್ಟ ಜಾತಿಯವನಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಕೊಟ್ಟ ವಿನಾಯಿತಿ ಕ್ರೈಸ್ತರಿಗಿಲ್ಲ. ಹೊಸ ಹುಟ್ಟು ಜಾತಿಯನ್ನು ಅಳಿಸಿತು ಎಂದು ಕಾನೂನು ನಂಬುತ್ತದೆ. ಎಷ್ಟೋ ಊರುಗಳ ಬಾವಿಕಟ್ಟೆ, ಮದುವೆಮನೆ, ಸ್ಮಶಾನ ನಂಬುವುದಿಲ್ಲ. ಕೋಲಾರ ಚಿನ್ನದ ಗಣಿ ಮೀಸಲು ಕ್ಷೇತ್ರದ ಆರ್ಮುಗಂ, ರಾಜಗೋಪಾಲ್ ಚುನಾವಣಾ ತಕರಾರಿನಲ್ಲಿ ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿದ್ದು, ಕ್ರೈಸ್ತ ಧರ್ಮದಿಂದ ಮರಳಿದವನನ್ನು ಅವನ ಜಾತಿಯವರು ಒಪ್ಪಿಕೊಂಡರೆ ಅವನು ಮತ್ತೆ ಆ ಜಾತಿಯವನೇ ಎಂದು. ಇಲ್ಲಿ ಸಾಕ್ಷಿ ಜಾತಿ. 2024ರ ನವೆಂಬರಿನಲ್ಲಿ ಪುದುಚೇರಿಯ ಅರ್ಜಿಯೊಂದರಲ್ಲಿ ಕೂಸಿದ್ದಾಗ ಆದ ದೀಕ್ಷಾಸ್ನಾನದ ದಾಖಲೆಯನ್ನೂ ಚರ್ಚಿಗೆ ಹೋಗುವ ರೂಢಿಯನ್ನೂ ಅದೇ ನ್ಯಾಯಾಲಯ ಪರಿಗಣಿಸಿ ಮೀಸಲಾತಿ ನಿರಾಕರಿಸಿತು. ಇಲ್ಲಿ ಸಾಕ್ಷಿ ಸಭೆಯ ರಿಜಿಸ್ಟರು. ಬ್ಯಾಪ್ಟಿಸ್ಟರು ಲೆಕ್ಕಕ್ಕೇ ಇಲ್ಲವೆನ್ನುವ ಸ್ನಾನವನ್ನು ನ್ಯಾಯಾಲಯ ಲೆಕ್ಕಕ್ಕೆ ಹಿಡಿದಿದೆ. ಕರ್ನಾಟಕದ 2022ರ ಮತಾಂತರ ಕಾಯ್ದೆಯಂತೂ 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಆದ ಮೇಲೆ 30 ದಿನದೊಳಗೆ ಮತ್ತೆ ತಿಳಿಸಬೇಕು ಎಂದು ವಿಧಿಸಿತು. ಅದನ್ನು ಹಿಂತೆಗೆಯಲು 2023ರ ಜೂನಿನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು.

ರಮಾಬಾಯಿಗೆ ಎಂಟು ವರ್ಷ ಹಿಡಿದ ವಿಷಯವನ್ನು ಮುಂಗಡ ಅರ್ಜಿಯಲ್ಲಿ ತುಂಬಿಸುವ ಕಾಯ್ದೆ ಹೊಸ ಹುಟ್ಟನ್ನು ಅರ್ಥ ಮಾಡಿಕೊಂಡು ಬರೆದದ್ದಲ್ಲ. ಸಭೆಗಳೂ ಈ ತಪ್ಪಿನಿಂದ ಹೊರತಲ್ಲ, ತಾರೀಕು ಕೇಳುವ ಚಾಳಿ ಮೊದಲು ಅವುಗಳದೇ. ಈ ಚರ್ಚೆಯ ಒಳಹೋಗಲು ಬಯಸುವ ಓದುಗರು ರಮಾಬಾಯಿಯ 1907ರ ಸಾಕ್ಷ್ಯವನ್ನೂ ಪಿಕೆಟ್‌ರ 1933ರ ಗ್ರಂಥವನ್ನೂ ಒಟ್ಟಿಗೆ ಇಟ್ಟುಕೊಂಡು ಓದಲಿ. ಒಂದರಲ್ಲಿ ಒಬ್ಬಳೇ ಹೆಂಗಸು ಮಾತಾಡುತ್ತಾಳೆ, ಇನ್ನೊಂದರಲ್ಲಿ ಕೇರಿಗಳು. ಬೀದರ, ಕಲಬುರಗಿಯ ಕೇರಿಗಳು ತಮ್ಮ ಹೊಸ ಹುಟ್ಟಿನ ಕಥೆಯನ್ನು ಕನ್ನಡದಲ್ಲಿ ತಾವೇ ಹೇಳುವ ಅಷ್ಟೇ ತೂಕದ ಮೂರನೆಯ ಪುಸ್ತಕವೊಂದು ಆಗಬೇಕಾಗಿದೆ. ಆ ಹಳೆಯ ಮನೆತನಗಳ ಹಿರಿಯರ ಮಾತು ಕೇಳಿ ಬರೆದಿಡಬಲ್ಲವರು ಈಗಲೇ ಕೈ ಹಚ್ಚಲಿ.